ಸಣ್ಣಮ್ಮನ ಕೈಗೊಂದು ಹಿಡಿಕೆ

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಅಲ್ಲೊಂದು ರೈಸ್‌ಮಿಲ್ಲಿನ ಹಳೇ ಹಲ್ಲುಚಕ್ರ ಸವೆದು ಹೋಗಿತ್ತು, ಅದರ ಅಳತೆ ತಗೊಂಡು ಬರಬೇಕಿತ್ತು. ಊರು ಇನ್ನೂ ದೂರ ಇರುವಾಗಲೇ ಗದ್ದೆ ಕಡೆಯಿಂದ ಆಲೆಮನೆಯ ವಾಸನೆ ತೇಲಿ ಬಂತು. ಬೆಲ್ಲದ ಪಾಕ ಇನ್ನೇನು ತಳ ಹಿಡಿಯುತ್ತೆ ಅನ್ನುವ ಹೊತ್ತಿಗೆ ಬರುತ್ತಲ್ಲ, ಅರ್ಧ ಸಿಹಿ ಅರ್ಧ ಸುಟ್ಟ ವಾಸನೆ, ಅದು. ಸ್ಕೂಟಿ ಪಕ್ಕಕ್ಕೆ ಹಾಕಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು "ಏನಕ್ಕಾ, ಪೆಟ್ರೋಲ್ ಖಾಲಿ ಆತೇನು?" ಅಂದ. "ಇಲ್ಲಪ್ಪಾ, ನೀ ಹೋಗು" ಅಂದೆ. ಅವನಿಗೆ ಏನಂತ ಹೇಳಲಿ? ನನ್ನ ಮೂಗಿಗೆ ಅದು ಬೆಲ್ಲದ ವಾಸನೆ ಅಲ್ಲ. ಮೆಕ್ಕೆಜೋಳದಿಂದ ಮಾಡುವ ಒಂದು ಪ್ಲಾಸ್ಟಿಕ್ ದಾರ ಇದೆ, ಅದು ಕರಗುವಾಗ ಹೆಚ್ಚೂಕಡಿಮೆ ಇದೇ ವಾಸನೆ. ಒಂದು ಬೇಸಿಗೆ ಪೂರ್ತಿ ನಾನು ಅದರಲ್ಲೇ ಉಸಿರಾಡಿದ್ದೇನೆ. ನನ್ನ ಸಣ್ಣಮ್ಮನ ಕೈ ಮತ್ತೆ ತನ್ನ ಕೆಲಸಕ್ಕೆ ಹೋಗುತ್ತೋ ಇಲ್ಲವೋ ಅಂತ ಕಾದ ಬೇಸಿಗೆ ಅದು.

ಆಗ ನಾನು ಹೊಸಪೇಟೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೀರೇಶಣ್ಣನ ವರ್ಕ್‌ಶಾಪಿನಲ್ಲಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಹುಡುಗಿಗೆ ನಮ್ಮ ಕಡೆ ಎರಡೇ ಪ್ರಶ್ನೆ: "ಮದುವಿ ಯಾವಾಗವ್ವಾ?", "ಹೆಣ್ಮಗಳು ಲೇತ್ ಹತ್ರ ಏನ್ ಮಾಡ್ತಿ?" ಎರಡಕ್ಕೂ ನಾನು ಕೊಡುತ್ತಿದ್ದ ಉತ್ತರ ಬರೆಯುವಂಥದ್ದಲ್ಲ. ವೀರೇಶಣ್ಣ ಮಾತ್ರ ಎರಡನ್ನೂ ಕೇಳಲಿಲ್ಲ. "ಡ್ರಾಯಿಂಗ್ ಓದಕ್ಕ ಬರ್ತೈತಾ? ಹಂಗಾದ್ರ ನಾಳಿಂದ ಬಾ" ಅಂದಿದ್ದ.

ನಮ್ಮ ಕೆಲಸವೆಲ್ಲ ಸಂಡೂರಿನದು. ಅಲ್ಲಿ ಗಣಿಗಳಲ್ಲಿ ಅದಿರು ಸಾಗಿಸುವ ಬೆಲ್ಟಿನ ಕೆಳಗೆ ಸಾಲಾಗಿ ರೋಲರ್‌ಗಳಿರುತ್ತವೆ. ಕೆಂಪು ಧೂಳು ಅವುಗಳ ಒಳಗೆ ಹೊಕ್ಕರೆ ಮುಗೀತು, ಕಿರ್ರೋ ಅಂತ ಅಳುತ್ತಾ ನಿಂತುಬಿಡುತ್ತವೆ. ಧೂಳು ತಡೆಯಲು ಒಂದು ಮುಚ್ಚಳ ಬೇಕು. ಮೊದಲೆಲ್ಲ ಆ ಮುಚ್ಚಳವನ್ನು ಕಬ್ಬಿಣದಲ್ಲಿ ಕಡೆದು, ಸಂಡೂರಿಗೆ ಒಯ್ದು ಕೂರಿಸಿದರೆ ಕೂದಲೆಳೆಯಷ್ಟು ಬಿಗಿ, ಇಲ್ಲ ಕೂದಲೆಳೆಯಷ್ಟು ಸಡಿಲ. ಮತ್ತೆ ವಾಪಸ್ಸು, ಮತ್ತೆ ಲೇತು. ಬೇಸತ್ತ ವೀರೇಶಣ್ಣ ಆ ವರ್ಷ ಒಂದು ತ್ರೀಡಿ ಪ್ರಿಂಟರ್ ತಂದ. ಕಬ್ಬಿಣ ಮುಟ್ಟುವ ಮೊದಲು ಪ್ಲಾಸ್ಟಿಕ್ಕಿನಲ್ಲೊಂದು ಮಾದರಿ ಮಾಡು, ಕೂರಿಸಿ ನೋಡು, ತಪ್ಪಿದ್ದರೆ ಕಂಪ್ಯೂಟರಿನಲ್ಲಿ ತಿದ್ದು, ಮಾರನೇ ದಿನ ಇನ್ನೊಂದು ಮಾಡು. ಸರಿ ಬಂದ ಮೇಲೆ ಕಬ್ಬಿಣ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು.

ಅದು ಮೊದಲ ಸಲ ಓಡಿದ ದಿನವನ್ನು ನಾನು ಸಾಯೋತನಕ ಮರೆಯಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚದೆ ಅದರ ಮುಂದೆ ಕೂತಿದ್ದೆ. ಸಾಸಿವೆಕಾಳಿಗಿಂತ ಸಣ್ಣ ತೂತಿನಿಂದ ಬಿಸಿ ದಾರ ಇಳಿದು ಗಾಜಿನ ಮೇಲೆ ಒಂದು ಗೆರೆ ಎಳೆಯಿತು. ಅದರ ಪಕ್ಕ ಇನ್ನೊಂದು. ರಂಗೋಲಿ ಮುಗಿದ ಮೇಲೆ ಅದರ ಮೇಲೆಯೇ ಮತ್ತೊಂದು ರಂಗೋಲಿ. ಸಂಜೆ ಹೊತ್ತಿಗೆ ಏನೂ ಇಲ್ಲದ ಜಾಗದಲ್ಲಿ ಒಂದು ಮುಚ್ಚಳ ಕೂತಿತ್ತು. ಎತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು. ಅಬ್ಬಬ್ಬಾ! ಲೇತಿನಲ್ಲಿ ನಾವು ಮಾಡೋದು ಏನು? ಇದ್ದದ್ದನ್ನು ಕಡಿದು ಕಡಿದು ಬೇಕಾದ್ದನ್ನು ಉಳಿಸೋದು. ಹಂಪಿಯಲ್ಲಿ ಕಲ್ಲು ಕೆತ್ತಿದವರೂ ಅದನ್ನೇ ಮಾಡಿದರು. ಇದು ಏನನ್ನೂ ಕಡಿಯಲ್ಲ, ಬೆಳೆಸುತ್ತೆ. ವೀರೇಶಣ್ಣ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು, ಮುಚ್ಚಳವನ್ನು ಎರಡೂ ಕೈಯಲ್ಲಿ ತಗೊಂಡು, "ಗಿರಿಜಾ, ಇದು ಹುಟ್ಟಿತಲ್ಲವ್ವಾ!" ಅಂದ. ಭಕ್ತ ಮನುಷ್ಯ ಆತ. ಬೆಳಗ್ಗೆ ಲೇತಿನ ಮೇಲೊಂದು, ಡ್ರಿಲ್ಲಿನ ಮೇಲೊಂದು ಕರ್ಪೂರ ಹಚ್ಚದೆ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ.

ಸಣ್ಣಮ್ಮ ಅಂದರೆ ನನ್ನ ಅವ್ವನ ತಂಗಿ, ಹುಲಿಗೆಮ್ಮ. ಹಂಪಿ ದಾರಿಯ ಬಾಳೆತೋಟಗಳ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳೆಲ್ಲ ಸೇರಿ ಬಾಳೆನಾರು ತೆಗೆಯುತ್ತಿದ್ದರು. ಗೊನೆ ಕಡಿದ ಮೇಲೆ ಬಾಳೆಗಿಡ ಯಾರಿಗೂ ಬ್ಯಾಡ, ತೋಟದವರು ಬದುವಿಗೆ ಎಸೆಯುತ್ತಾರೆ. ಇವರು ಅದನ್ನು ತಂದು, ಉದ್ದುದ್ದ ಪಟ್ಟೆ ಬಿಡಿಸಿ, ಮಷೀನಿಗೆ ಕೊಡುತ್ತಿದ್ದರು. ಮಷೀನಿನೊಳಗೆ ಅಲಗು ಕೂರಿಸಿದ ಉರುಳೆಯೊಂದು ಗರಗರ ತಿರುಗುತ್ತಿರುತ್ತೆ. ಪಟ್ಟೆಯ ಒಂದು ತುದಿ ಕೈಯಲ್ಲಿ ಹಿಡಿದು ಇನ್ನೊಂದನ್ನು ಮಷೀನಿನ ಬಾಯಿಗೆ ಕೊಟ್ಟು ಹಿಂದಕ್ಕೆ ಎಳೆದರೆ ತಿರುಳೆಲ್ಲ ಉದುರಿ ನಾರು ಉಳಿಯುತ್ತೆ. ಆಮೇಲೆ ತಿರುಗಿಸಿ, ನಾರಾದ ತುದಿಯನ್ನು ಹಿಡಿದು, ಉಳಿದರ್ಧವನ್ನೂ ಹಾಗೇ ಕೊಡೋದು. ಹಸಿರು ಲೋಳೆ ಒಳಗೆ ಹೋಗಿ ಬೆಳ್ಳಗೆ ಮಿನುಗುವ ಎಳೆ ಹೊರಗೆ ಬರೋದನ್ನು ಮೊದಲ ಸಲ ನೋಡಿದಾಗ ಸಣ್ಣಮ್ಮ ಕೈ ಮುಗಿದಿದ್ದಳಂತೆ. ಆ ಶೆಡ್ಡಿನಲ್ಲಿ ಮಷೀನಿನ ಮುಂದೆ ಮೊದಲು ನಿಂತವಳು ಅವಳೇ, ಉಳಿದವರಿಗೆ ಕಲಿಸಿದವಳೂ ಅವಳೇ.

ಹಸಿ ನಾರು ಭಾಳ ಜಾರುತ್ತೆ. ನಮ್ಮ ಹೆಣ್ಣುಮಕ್ಕಳೋ, ಬುದ್ಧಿ ಬಂದಾಗಿನಿಂದ ಬಾಳೆನಾರಿನಲ್ಲಿ ಹೂ ಕಟ್ಟಿದವರು. ನಾರು ಕೈಗೆ ಸಿಕ್ಕಿತೋ, ಬೆರಳಿಗೊಂದು ಸುತ್ತು ಬಿದ್ದೇ ಬೀಳಬೇಕು. ಮಷೀನಿನ ಮುಂದೆಯೂ ಎಲ್ಲರೂ ಹಾಗೇ ಸುತ್ತಿಕೊಂಡೇ ಎಳೆಯುತ್ತಿದ್ದರು. "ಬೆರಳಿಗೆ ಸುತ್ತಬೇಡಿ" ಅಂತ ಗೋಡೆಗೆ ದೊಡ್ಡದಾಗಿ ಬರೆಸಿತ್ತು. ಗೋಡೆ ಹೇಳಿದ್ದನ್ನು ಕಣ್ಣು ಓದಬಹುದು, ಕೈ ಓದುತ್ತಾ? ಸಂಕ್ರಾಂತಿ ಕಳೆದ ಹೊಸದರಲ್ಲಿ ಒಂದು ಮಧ್ಯಾಹ್ನ ನಾರು ಉರುಳೆಗೆ ಸುತ್ತಿಕೊಂಡಿತು, ಉರುಳೆ ನಾರನ್ನು ಎಳೆಯಿತು, ನಾರು ಸಣ್ಣಮ್ಮನ ಕೈಯನ್ನು ಎಳೆಯಿತು. ಬಲಗೈಯ ತೋರುಬೆರಳೂ ನಡುಬೆರಳೂ ಅರ್ಧಕ್ಕೆ ಹೋದವು.

ಗಾಯ ಮಾಗಿದ ಮೇಲೆ ನೋಡಕ್ಕೆ ಹೋದೆ. ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಎಡಗೈಯಲ್ಲಿ ನೀರು ತಂದುಕೊಟ್ಟಳು. ಅಷ್ಟು ಮಾತಿನ ಮಲ್ಲಿ, ಊರಿಗೆಲ್ಲ ಅಡ್ಡಹೆಸರು ಇಟ್ಟವಳು, ಸುಮ್ಮನೆ ಕೂತಿದ್ದಳು. ಶೆಡ್ಡು ನಡೆಸುವ ಸರೋಜಕ್ಕ ಕೆಟ್ಟವಳಲ್ಲ. "ಹುಲಿಗೆಮ್ಮಾ, ನಾರು ಒಣಗಿಸೋ ಕೆಲಸ ಮಾಡು, ಕುಂತಲ್ಲೇ ಮಾಡು" ಅಂದಿದ್ದಳಂತೆ. ಆದರೆ ಸಣ್ಣಮ್ಮನಿಗೆ ಹಂಗಾದ ಮೇಲೆ ಬೇರೆ ಯಾರೂ ಮಷೀನಿನ ಹತ್ತಿರ ಸುಳಿಯುತ್ತಿರಲಿಲ್ಲ. ಮಳೆಗಾಲ ಹತ್ತಿದರೆ ನಾರು ಒಣಗಲ್ಲ. ಅಷ್ಟರೊಳಗೆ ಯಾರಾದರೂ ಮಷೀನ್ ಓಡಿಸದಿದ್ದರೆ ಅದನ್ನು ಕೊಟ್ಟವರಿಗೇ ವಾಪಸ್ ಕಳಿಸೋದು ಅಂತ ಸರೋಜಕ್ಕ ತೀರ್ಮಾನ ಮಾಡಿದ್ದಳು.

"ಕಳಿಸ್ಲಿ ಬಿಡು, ಪೀಡೆ ಹೋತು" ಅಂದೆ ನಾನು.

ಸಣ್ಣಮ್ಮ ಆಗ ತಲೆ ಎತ್ತಿದಳು. "ಏನಂದಿ? ಪೀಡೆ? ಲೇ ಗಿರಿಜಾ, ಅದು ನನ್ನ ಬೆರಳು ತಿಂತು, ಹೋಗ್ಲಿ. ಈಗ ಅದಕ್ಕ ಹೆದರಿ ನಾ ಮೂಲ್ಯಾಗ ಕುಂತರ, ಉಳಿದ ನನ್ನೂ ತಿಂದಂಗ ಆಗ್ತೈತಿ. ನಾ ಅದರ ಮುಂದ ನಿಲ್ಲಬೇಕು. ಈ ಕೈ ಹಿಡ್ಕೊಂಡ ನಿಲ್ಲಬೇಕು."

ಅವತ್ತು ಮೊದಲ ಸಲ ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ನನಗೆ ಕಣ್ಣೀರು ಬಂತು, ಜೊತೆಗೆ ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರೋದು. "ಸುತ್ತಬ್ಯಾಡ ಅಂತ ಬರೆಸಿದ್ರಲ್ಲ, ಯಾಕ ಸುತ್ತಿದಿ?" ಅಂತ ರೇಗಿದೆ.

"ಇನ್ನ ಮ್ಯಾಲ ಸುತ್ತಲ್ಲ ಅಂತ ಬಾಯಿ ಅಂತೈತವ್ವಾ. ಕೈ ಕೇಳಬೇಕಲ್ಲ" ಅಂದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಇದೇ. ಆಮೇಲೆ ಹಳೇ ಸಣ್ಣಮ್ಮ ಸ್ವಲ್ಪ ಇಣುಕಿದಳು. "ನಿಮ್ಮ ವರ್ಕ್‌ಶಾಪ್‌ನಾಗ ಏನೋ ಹುಟ್ಟಸೋ ಮಷೀನ್ ಬಂದೈತಂತಲ್ಲ? ನನಗೆರಡು ಬೆರಳು ಹುಟ್ಟಸಿಕೊಡು ಹಂಗಾದ್ರ."

"ಬೆರಳು ಆಗಲ್ಲ ಸಣ್ಣಮ್ಮಾ."

"ಮತ್ತೇನಾಗ್ತೈತಿ?"

ಮನೆಗೆ ಬರೋತನಕ ಆ ಪ್ರಶ್ನೆ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂತೇ ಬಂತು.

ಉತ್ತರ ಸಿಕ್ಕಿದ್ದು ಸಂಡೂರಿನಲ್ಲಿ. ಮುಚ್ಚಳ ಕೂರಿಸಿ ನೋಡಲು ಗಣಿಗೆ ಹೋಗಿದ್ದೆ. ಅದಿರು ಪುಡಿ ಮಾಡುವ ಕ್ರಷರ್ ಭೂಮಿ ನಡುಗಿಸುತ್ತಾ ಓಡುತ್ತಿತ್ತು. ಇದ್ದಕ್ಕಿದ್ದಂತೆ ಠಪ್ ಅಂತ ಒಂದು ಸದ್ದಾಯಿತು. ಅದಿರು ಪುಡಿಯಾಗೋದು ನಿಂತಿತು, ಮೋಟರ್ ಮಾತ್ರ ಸುಮ್ಮನೆ ಗುಯ್‌ಗುಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಆಪರೇಟರ್ ಮಾತ್ರ ಆರಾಮಾಗಿ ಬೀಡಿ ಹಚ್ಚಿದ. "ಅದಿರಿನ ಜೊತಿ ಕಬ್ಬಿಣದ ತುಂಡು ಬಂದಿತ್ತು ಮೇಡಂ. ಪಿನ್ ಮುರಿತು, ಮಷೀನ್ ಉಳೀತು." ಮೋಟರಿಗೂ ಕ್ರಷರಿಗೂ ನಡುವೆ ಬೇಕಂತಲೇ ಒಂದು ಮೆತ್ತನೆ ಪಿನ್ ಹಾಕಿರುತ್ತಾರೆ. ಬಲ ಮಿತಿಮೀರಿದರೆ ಮೊದಲು ಸಾಯೋದು ಅದು. ಇದನ್ನು ನಾನು ಡಿಪ್ಲೊಮಾದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಬರೆದು ಮರೆತಿದ್ದೆ. ಕೆಂಪು ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಘಾಟಿ ಇಳಿಯುವಾಗ ತಲೆಯಲ್ಲಿ ದೀಪ ಹೊತ್ತಿತು. ಸುತ್ತೋ ಕೈಯನ್ನು ಸುತ್ತಬ್ಯಾಡ ಅನ್ನೋದು ಬಿಡೋಣ. ಬೆರಳಿನ ಬದಲು ಸುತ್ತಕ್ಕೆ ಬೇರೆ ಏನನ್ನಾದರೂ ಕೊಡೋಣ. ಒಂದು ಹಿಡಿಕೆ, ಹಿಡಿಕೆಯ ತುದಿಗೆ ನಾರು ಸುತ್ತಲು ಒಂದು ಗೂಟ, ಎರಡರ ನಡುವೆ ಸಣ್ಣ ಕುತ್ತಿಗೆ. ಉರುಳೆ ಜಗ್ಗಿದರೆ ಕುತ್ತಿಗೆ ಮುರಿಯಬೇಕು, ಗೂಟ ಹೋಗಬೇಕು, ಕೈ ಉಳಿಯಬೇಕು.

ವೀರೇಶಣ್ಣನಿಗೆ ಹೇಳಿದೆ. ಪೂರ್ತಿ ಕೇಳಿ, "ಮುಚ್ಚಳದ ಕೆಲಸ ಇಲ್ಲದಾಗ ಮಾಡು. ಹೆಣ್ಮಗಳ ಕೈ ಅದು, ಅವಸರ ಮಾಡಬ್ಯಾಡ" ಅಂದ.

ಹಿಡಿಕೆ ಅಂದರೆ ಯಾರಿಗೋ ಆಗೋ ಹಿಡಿಕೆ ಅಲ್ಲ. ಹೆಬ್ಬೆರಳು, ಉಂಗುರಬೆರಳು, ಕಿರುಬೆರಳು ಮತ್ತು ಎರಡು ಮೋಟುಗಳು, ಇಷ್ಟೇ ಹಿಡಿಯಬೇಕು. ಆ ಹಿಡಿತದ ಅಳತೆ ಯಾವ ಪುಸ್ತಕದಲ್ಲಿ ಸಿಗಬೇಕು? ಸಣ್ಣಮ್ಮನ ಮನೆಗೆ ಹೋಗಿ ಚಪಾತಿ ಕಣಕ ಕಲಸಿದೆ, ಸ್ವಲ್ಪ ಗಟ್ಟಿಯಾಗಿ. ಒಂದು ಕೋಲಿಗೆ ಅದನ್ನು ದಪ್ಪಗೆ ಮೆತ್ತಿ, "ಇದನ್ನ ಮಷೀನಿನ ನಾರು ಅಂದ್ಕೊಂಡು ಜಗ್ಗು" ಅಂದೆ. ಅವಳು ಕಣ್ಣು ಮುಚ್ಚಿಕೊಂಡು ಹಿಡಿದಳು. ಬಿಟ್ಟಾಗ ಅವಳ ಹಿಡಿತ ಪೂರ್ತಿ ಕಣಕದಲ್ಲಿ ಕೂತಿತ್ತು, ಅರ್ಧ ಬೆರಳುಗಳ ಗುಳಿ ಸಮೇತ. ಅದನ್ನು ಸುತ್ತಲಿಂದಲೂ ಮೊಬೈಲಿನಲ್ಲಿ ಫೋಟೋ ತೆಗೆದರೆ ಕಂಪ್ಯೂಟರ್ ಎಲ್ಲಾ ಹೊಂದಿಸಿ ಒಂದು ಆಕಾರ ಮಾಡುತ್ತೆ. ಆದರೆ ಬರೀ ಬಿಳಿ ಕಣಕದಲ್ಲಿ ಅದಕ್ಕೆ ಗುರುತು ಸಿಗಲ್ಲ. ಅದಕ್ಕೆ ನಾನು ದೇವರ ಮುಂದಿನ ಅರಿಶಿಣ ಕುಂಕುಮ ತಂದು ಚಿಕ್ಕ ಚಿಕ್ಕ ಚುಕ್ಕಿಯಾಗಿ ಎರಚಿದೆ.

"ಏನಲೇ ಇದು, ನನ್ನ ಕೈಗೆ ಪೂಜಿ ಮಾಡಾಕತ್ತಿಯೇನು?" ಅಂತ ಸಣ್ಣಮ್ಮ ನಕ್ಕಳು. ಆ ವರ್ಷದಲ್ಲಿ ಅವಳು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಮೂರನೇ ದಿನ ಮೊದಲ ಹಿಡಿಕೆ ತಗೊಂಡು ಹೋದೆ. ಸಣ್ಣಮ್ಮ ಅದನ್ನು ಎತ್ತಿಕೊಂಡಳು. ಬೆರಳುಗಳು ತಾವಾಗೇ ತಮ್ಮ ತಮ್ಮ ಗುಳಿಗೆ ಹೋಗಿ ಕೂತವು. ಮೋಟು ಬೆರಳಿಗೂ ಅಲ್ಲೊಂದು ಜಾಗ ಇತ್ತು. ಅವಳು ಬಿಟ್ಟು ಹಿಡಿದಳು, ಬಿಟ್ಟು ಹಿಡಿದಳು. "ಯವ್ವಾ, ಇದು ನನ್ನ ಕೈನ ಗುರುತು ಹಿಡೀತಲ್ಲೇ!" ಅಂದಳು. ಕಣಕದಲ್ಲಿ ಒತ್ತಿದ ಒಂದು ಹಿಡಿ, ಫೋಟೋ ಆಗಿ, ಗೆರೆ ಆಗಿ, ದಾರ ಆಗಿ, ಮತ್ತೆ ಅದೇ ಕೈಗೆ ವಾಪಸ್ ಬಂದಿತ್ತು. ಇದನ್ನು ಎಷ್ಟು ಸಲ ವಿವರಿಸಿಕೊಂಡರೂ ನನಗೆ ಇವತ್ತಿಗೂ ಪವಾಡವೇ.

ಹಿಡಿಕೆ ಸುಲಭ, ಕುತ್ತಿಗೆ ಕಷ್ಟ. ದಪ್ಪ ಆದರೆ ಮುರಿಯಲ್ಲ, ಸಣ್ಣ ಆದರೆ ಸುಮ್ಮನೆ ಎಳೆದರೂ ಮುರಿಯುತ್ತೆ. ವರ್ಕ್‌ಶಾಪಿನ ತೊಲೆಗೆ ಹಿಡಿಕೆಯನ್ನು ಕಟ್ಟಿ, ಗೂಟಕ್ಕೆ ಬಕೆಟ್ ತೂಗುಹಾಕಿ, ಅದಕ್ಕೆ ಸಂಡೂರಿನ ಅದಿರಿನ ಕಲ್ಲು ಒಂದೊಂದೇ ಹಾಕುತ್ತಾ ಹೋಗುತ್ತಿದ್ದೆ. ಬಕೆಟ್ ದಬಾರ್ ಅಂತ ಬಿದ್ದಾಗಲೆಲ್ಲ ವೀರೇಶಣ್ಣ ಲೇತಿನ ಹಿಂದಿನಿಂದ "ಎಷ್ಟಕ್ಕ ಬಿತ್ತು?" ಅಂತ ಕೂಗುತ್ತಿದ್ದ. ತಿದ್ದೋದು, ಹುಟ್ಟಿಸೋದು, ಮುರಿಯೋದು. ಮುರಿಯಲಿಲ್ಲ ಅಂದರೆ ಬೈಯೋದು. ಕರೆಂಟ್ ಹೋಗಿ ಅರ್ಧಕ್ಕೆ ನಿಂತವೂ ಎಷ್ಟೋ. ಒಂದನ್ನು ಸ್ಕೂಟಿಯ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿದ್ದೆ. ತೆಗೆದರೆ ಹಿಡಿಕೆ ನಾಯಿಬಾಲದ ಹಾಗೆ ಡೊಂಕಾಗಿತ್ತು. ಬಳ್ಳಾರಿ ಸೀಮೆಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಗಾಡುತ್ತೇವೆ. ಮೆಕ್ಕೆಜೋಳದ ಪ್ಲಾಸ್ಟಿಕ್ಕಿಗೆ ಆ ನಗೆ ಗೊತ್ತಿಲ್ಲ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರಿಂಟರ್ ಪದರದ ಮೇಲೆ ಪದರ ಹಾಕುತ್ತಲ್ಲ, ಆ ಪದರಗಳ ನಡುವಿನ ಬೆಸುಗೆ ಯಾವಾಗಲೂ ಸ್ವಲ್ಪ ದುರ್ಬಲ. ಎಲ್ಲರೂ ಅದಕ್ಕೆ ಬೈಯುತ್ತಾರೆ. ಹಿಡಿಕೆಯನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಕುತ್ತಿಗೆ ಬಾಗಿ, ಜಗ್ಗಿ, ಸಿಗಿದು ಮುರಿಯುತ್ತಿತ್ತು. ನಿಲ್ಲಿಸಿ ಮಾಡಿದರೆ ಆ ಬೆಸುಗೆ ಕುತ್ತಿಗೆಗೆ ಅಡ್ಡಲಾಗಿ ಬಂದು, ಹಸಿ ಗಜ್ಜರಿಗಡ್ಡೆ ಮುರಿದ ಹಾಗೆ, ಟಕ್, ಒಂದೇ ಏಟಿಗೆ. ನನಗೆ ಬೇಕಾಗಿದ್ದು ಅದೇ. ಎಲ್ಲರೂ ಬೈಯುವ ಆ ಕುಂದೇ ಸಣ್ಣಮ್ಮನ ಕೈ ಕಾಯೋದು ಅಂತ ತಿಳಿದಾಗ ಆ ಮಷೀನಿನ ಮೇಲೆ ನನಗೆ ಹುಟ್ಟಿದ ಪ್ರೀತಿ ಹೇಳಕ್ಕಾಗಲ್ಲ.

ಕುತ್ತಿಗೆ ಸರಿ ಬಂದ ಮೇಲೆ ಶೆಡ್ಡಿನಲ್ಲಿ ಓಡಿಸಿ ನೋಡೋದು ಅಂತಾಯಿತು. ಸರೋಜಕ್ಕ ಎಲ್ಲಾ ಹೆಣ್ಣುಮಕ್ಕಳನ್ನೂ ಕರೆಸಿದ್ದಳು. ಸಣ್ಣಮ್ಮ ಹಸಿರು ಸೀರೆ ಉಟ್ಟು ಬಂದಿದ್ದಳು. ವೀರೇಶಣ್ಣನೂ ಬಂದ, ಬರುವಾಗ ಕಾಯಿ, ನಿಂಬೆಹಣ್ಣು, ಕರ್ಪೂರ ಎಲ್ಲಾ ತಂದ. ನಾನು ಹಿಡಿಕೆಯನ್ನು ಮಷೀನಿನ ಮೇಲೆ ಇಟ್ಟು ವೈರು ನೋಡಲು ಬಗ್ಗಿದೆ. ತಿರುಗಿ ನೋಡಿದರೆ, ಅಯ್ಯೋ ಶಿವನೇ! ವೀರೇಶಣ್ಣ ಹಿಡಿಕೆಗೆ ಕುಂಕುಮ ಹಚ್ಚಿ, ಹೂ ಏರಿಸಿ, ನೆಟ್ಟಗೆ ಅದರ ಕುತ್ತಿಗೆಯ ಪಕ್ಕದಲ್ಲೇ ಎರಡು ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ. ಇಷ್ಟು ವರ್ಷ ಕಬ್ಬಿಣಕ್ಕೆ ಮಾಡಿದ ಪೂಜೆ. ಕಬ್ಬಿಣ ಯಾವತ್ತೂ ಏನೂ ಅಂದಿರಲಿಲ್ಲ. ಹಿಡಿಕೆ ನೋಡನೋಡುತ್ತಲೇ ತಲೆ ಬಾಗಿಸಿತು. ಗೂಟ ಮೆಲ್ಲಗೆ ಪಕ್ಕಕ್ಕೆ ವಾಲಿ ಮಲಗಿತು.

ಹೆಣ್ಣುಮಕ್ಕಳಲ್ಲಿ ಒಬ್ಬಳು, "ನೋಡ್ರೇ, ದೇವರು ತಲಿ ಬಗ್ಗಿಸೇತಿ, ಬ್ಯಾಡ ಅಂತ ಹೇಳಾಕತ್ತೈತಿ" ಅಂದಳು. ಇನ್ನೊಬ್ಬಳು ಹೌದೆಂದಳು. ನನಗೆ ತಲೆ ಕೆಟ್ಟುಹೋಯಿತು. "ದೇವರು ವರ ಕೊಟ್ರೂ ಪೂಜಾರಿ ಬಿಡಲ್ಲ ಅಂದಂಗ ಆತು ನೋಡ್ರಿ ವೀರೇಶಣ್ಣಾ! ದಿನಾ ಕಣ್ಣ ಮುಂದ ಕರಗೋದು ನೋಡ್ತೀರಲ್ಲ, ಗೊತ್ತಾಗಲ್ಲೇನ್ರಿ?" ಅಂತ ಮಾಲೀಕ ಅನ್ನೋದೂ ನೋಡದೆ ಕೂಗಾಡಿದೆ. ಆತ ಕರ್ಪೂರದ ಮಸಿ ಹತ್ತಿದ ಕೈ ಹಿಡಿದುಕೊಂಡು, "ತಪ್ಪಾತವ್ವಾ, ಕೈಗೆ ರೂಢಿ" ಅಂದ. ಸಣ್ಣಮ್ಮ ಆ ಮಾತು ಕೇಳಿ ಬಿದ್ದೂ ಬಿದ್ದೂ ನಕ್ಕಳು. "ಬೈಬ್ಯಾಡಲೇ ಅವರಿಗೆ. ಅವರ ಕೈಯೂ ನನ್ನ ಕೈಯಂಗ. ಹೇಳಿದ್ದು ಕೇಳಂಗಿಲ್ಲ." ನಕ್ಕು ಮುಗಿಸಿ ಬಾಗಿದ ಹಿಡಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆದರೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಸರೋಜಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಮಳಿ ಮೋಡ ಕಟ್ಟಾಕತ್ತೈತಿ ಗಿರಿಜಾ. ಇನ್ನೊಂದ್ಸಲ ನೋಡೂಣು. ಅದು ಆಗಲಿಲ್ಲಂದ್ರ ಮಷೀನ್ ಕಳಿಸಿಬಿಡ್ತೀನಿ" ಅಂದಳು.

ಬಿಸಿ ತಡೆಯುವ ಬೇರೆ ಪ್ಲಾಸ್ಟಿಕ್ ದಾರ ತರಿಸಿದೆವು. ಅದರದ್ದು ಬೇರೆಯೇ ಸ್ವಭಾವ. ಹಳೇ ಕುತ್ತಿಗೆಯ ಅಳತೆ ಇದಕ್ಕೆ ಆಗಲಿಲ್ಲ, ಮತ್ತೆ ಬಕೆಟ್ಟು, ಮತ್ತೆ ಅದಿರು. ವೀರೇಶಣ್ಣ ಪ್ರಾಯಶ್ಚಿತ್ತ ಅನ್ನೋ ಹಾಗೆ ತಾನೇ ಕಲ್ಲು ಹಾಕುತ್ತಿದ್ದ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಇಡೀ ಇಂಡಸ್ಟ್ರಿಯಲ್ ಏರಿಯಾ ಕೆಂಪಾಗುತ್ತಿತ್ತು, ಎರಡು ಹನಿ ಬಿದ್ದು ನಿಲ್ಲುತ್ತಿತ್ತು. ಆ ಮಣ್ಣಿನ ವಾಸನೆ ಬಂದರೆ ಊರಿಗೆಲ್ಲ ಖುಷಿ, ನಾನು ಮಾತ್ರ ಸರೋಜಕ್ಕನ ಗಡುವಿಗೆ ಇನ್ನೆಷ್ಟು ದಿನ ಅಂತ ಎಣಿಸುತ್ತಿದ್ದೆ.

ಎರಡನೇ ಸಲ ಶೆಡ್ಡಿಗೆ ಹೋದ ದಿನ ಮೋಡ ಮುಸುಕಿತ್ತು. ಹೆಣ್ಣುಮಕ್ಕಳು ಬಂದಿದ್ದರು, ಆದರೆ ದೂರದಲ್ಲಿ, ಬಾಗಿಲ ಹತ್ತಿರ ನಿಂತಿದ್ದರು. ವೀರೇಶಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಕರ್ಪೂರ ತಂದಿರಲಿಲ್ಲ. ಸಣ್ಣಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಹೊಸ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ಮಷೀನಿನ ಮುಂದೆ ನಿಂತಳು. ನಾನು ಸ್ವಿಚ್ಚಿನ ಹತ್ತಿರ ನಿಂತೆ. "ಏನಾದ್ರೂ ಆದ್ರ ತಟ್ಟನ ಆರಿಸ್ತೀನಿ, ಹೆದರಬ್ಯಾಡ" ಅಂದೆ. ಹೆದರಿದ್ದು ನಾನು. ಉರುಳೆ ತಿರುಗಿತು. ಆ ಸದ್ದಿಗೆ ಅವಳ ಭುಜ ಒಂದು ಸಲ ಅದುರಿತು. ಕಣ್ಣು ಮುಚ್ಚಿ ತೆರೆದು, ಮೊದಲ ಪಟ್ಟೆಯನ್ನು ಕೊಟ್ಟಳು.

ಹೊರಗೆ ಬಂತು ನಾರು, ಬೆಳ್ಳಗೆ. ಅದನ್ನು ತಿರುಗಿಸಿದಳು. ನಾರಿನ ತುದಿ ಕೈಗೆ ಬಂದದ್ದೇ ತಡ, ನಾನು ನೋಡುತ್ತಲೇ ಇದ್ದೆ, ಕೈ ತನ್ನ ಪಾಡಿಗೆ ತಾನು ಸುತ್ತು ಹಾಕಿತು, ಆದರೆ ಗೂಟಕ್ಕೆ. ಎಳೆದಳು. ಬಂತು. ಇನ್ನೊಂದು ಪಟ್ಟೆ. ಮತ್ತೊಂದು. ತಿರುಳಿನ ನೀರು ಮುಖಕ್ಕೆ ಹಾರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿದ್ದವರು ಎರಡು ಹೆಜ್ಜೆ ಒಳಗೆ ಬಂದರು. ಸರೋಜಕ್ಕ "ಸಾಕು ಹುಲಿಗೆಮ್ಮಾ, ನೋಡಿದ್ವಿ" ಅಂದಳು. ಸಣ್ಣಮ್ಮ ತಲೆ ಅಲ್ಲಾಡಿಸಿ ಇನ್ನೊಂದು ಪಟ್ಟೆ ಎತ್ತಿಕೊಂಡಳು.

ಆದದ್ದು ಆ ಪಟ್ಟೆಯಲ್ಲೇ. ಅರ್ಧ ಆಗಿ, ತಿರುಗಿಸಿ, ಗೂಟಕ್ಕೆ ಸುತ್ತಿ, ಒಳಗೆ ಕೊಟ್ಟಿದ್ದಳು. ನಾರು ಉರುಳೆಗೆ ಸಿಕ್ಕಿಕೊಂಡಿತು. ಅವಳ ತೋಳು ಮುಂದಕ್ಕೆ ಜಗ್ಗಿತು. ಸ್ವಿಚ್ಚಿನ ಮೇಲೆ ನನ್ನ ಬೆರಳು ಇತ್ತು, ಇತ್ತು ಅಷ್ಟೇ, ಒತ್ತಲು ಆಗಲೇ ಇಲ್ಲ. ಅಷ್ಟರಲ್ಲಿ ಟಕ್ ಅಂತ ಸಣ್ಣ ಸದ್ದು. ಆಮೇಲೆ ಉರುಳೆಯೊಳಗೆ ಚಟಪಟ ಚೂರಾಗುವ ಸದ್ದು, ಪ್ಲಾಸ್ಟಿಕ್ಕಿನ ತುಣುಕುಗಳು ಶೆಡ್ಡಿನ ತಗಡಿಗೆ ಹೊಡೆದವು. ಯಾರೋ ಕಿರುಚಿದರು. ನಾನೇ ಇರಬೇಕು. ಕೊನೆಗೂ ಸ್ವಿಚ್ ಒತ್ತಿದೆ. ಉರುಳೆ ನಿಧಾನಕ್ಕೆ ನಿಂತಿತು.

ಸಣ್ಣಮ್ಮನ ಕೈ ಮಷೀನಿನ ಬಾಯಿಯಿಂದ ಮೊಳ ದೂರದಲ್ಲಿ, ಗಾಳಿಯಲ್ಲಿ, ಹಂಗೇ ಇತ್ತು. ಕುತ್ತಿಗೆ ಮುರಿದ ಹಿಡಿಕೆ ಮುಷ್ಟಿಯಲ್ಲೇ ಇತ್ತು. ಅವಳು ಮುಷ್ಟಿ ಬಿಚ್ಚಿದಳು. ಹಿಡಿಕೆ ಕೆಳಗೆ ಬಿತ್ತು. ಅಂಗೈಯನ್ನು ತಿರುಗಿಸಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಾನು ಓಡಿ ಹೋಗಿ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋ ಅಂತ ಅತ್ತುಬಿಟ್ಟೆ. "ಮುರೀತಲ್ಲ ಸಣ್ಣಮ್ಮಾ, ಮುರೀತಲ್ಲ!" ಅಂತ ಇಷ್ಟೇ ಹೇಳುತ್ತಿದ್ದೆ.

ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು, ಬಾಳೆಯ ಲೋಳೆಯನ್ನು ಸೀರೆಗೆ ಒರೆಸಿದಳು.

"ಅಳ್ತಿ ಯಾಕಲೇ? ಅದು ಮತ್ತ ಹುಟ್ತೈತಿ. ಜಲ್ದಿ ಹೋಗಿ ಇನ್ನೊಂದು ತಗೊಂಡ್ ಬಾ, ಪಟ್ಟಿ ಇನ್ನೂ ಭಾಳ ಅದಾವು" ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿ, ಆ ಕೈಯನ್ನೇ ಎತ್ತಿ, ಹೆಣ್ಣುಮಕ್ಕಳನ್ನೆಲ್ಲ ಹತ್ತಿರ ಕರೆದಳು.